ಧೂಳಿಗೊಂದು, ನೀರಿಗೊಂದು: ಮನೆಗೆ ಯಾವ ವ್ಯಾಕ್ಯೂಮ್ ಕ್ಲೀನರ್ ಹಿತ?

ಕಳೆದ ವರ್ಷ ದೀಪಾವಳಿ ಮುಗಿದು ಎರಡು ತಿಂಗಳಾಗಿರಬಹುದು. ಬಹಳ ವರ್ಷಗಳಿಂದ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿರುವ 68 ವರ್ಷದ ತಾಯಿಯೊಬ್ಬರನ್ನು ಅವರ ಮಗ ಚಿಕಿತ್ಸಾಲಯಕ್ಕೆ ಕರೆತಂದರು. ಆ ತಾಯಿಗೆ ಉಬ್ಬಸದ ತೊಂದರೆ ಹಳೆಯದು. ಪಥ್ಯ, ಔಷಧ ಹಾಗೂ ಶ್ವಾಸಕೋಶ ತಜ್ಞರು ಬರೆದುಕೊಟ್ಟ ಇನ್‌ಹೇಲರ್‌ಗಳಿಂದ ಅದು ಮೂರು ವರ್ಷ ಹತೋಟಿಯಲ್ಲಿತ್ತು. ಈಗ ಮತ್ತೆ ನಡುರಾತ್ರಿಯಲ್ಲಿ ಉಸಿರು ಕಟ್ಟಿದಂತಾಗಿ ಎದ್ದು ಕುಳಿತುಕೊಳ್ಳುವ ಸ್ಥಿತಿ ಬಂದಿತ್ತು. ಆಹಾರ ಬದಲಾಗಿರಲಿಲ್ಲ, ಔಷಧವನ್ನೂ ಅವರು ತಪ್ಪಿಸಿರಲಿಲ್ಲ.

“ಮನ್ಯಾಗ ಹೊಸದೇನರ ಬಂದೈತೇನಪಾ?” ಎಂದು ಮಗನನ್ನು ಕೇಳಿದೆ. ಅವರು ಸ್ವಲ್ಪ ಸಂಕೋಚದಿಂದಲೇ, “ಹಬ್ಬಕ್ಕ ಕಸ ಹೊಡಿಯೋ ಮಷೀನ್ ತಂದೀವ್ರಿ ಸರ್. ಅವ್ವಗ ಧೂಳು ಆಗಂಗಿಲ್ಲ ಅಂತನ ತಂದದ್ದು” ಎಂದರು.

ಅವರ ಮನೆ ನನ್ನ ದಾರಿಯಲ್ಲಿಯೇ ಇದ್ದುದರಿಂದ ಅಂದು ಸಂಜೆ ಹೋಗಿ ನೋಡಿದೆ. ಅಂಗಡಿಯವರು ‘ವೆಟ್ ಅಂಡ್ ಡ್ರೈ’ ಎಂದು ಕರೆಯುವ, ಒಣ ಕಸವನ್ನೂ ನೀರನ್ನೂ ಎಳೆದುಕೊಳ್ಳುವ ಯಂತ್ರವದು. ಮುಚ್ಚಳ ತೆಗೆದಾಗ ಮೂರು ದಿನಗಳ ಹಿಂದೆ ಎಳೆದ ಹೊಲಸು ನೀರು ತೊಟ್ಟಿಯ ತಳದಲ್ಲಿ ಹಾಗೆಯೇ ನಿಂತಿತ್ತು. ಸ್ಪಂಜಿನ ಫಿಲ್ಟರ್ ಒದ್ದೆಯಾಗಿ, ಕಪ್ಪಿಟ್ಟು, ಬೂಷ್ಟಿನ ವಾಸನೆ ಹೊಡೆಯುತ್ತಿತ್ತು. ಒಣ ಧೂಳಿಗೆಂದು ಕೊಟ್ಟ ಚೀಲ ಮತ್ತು ಕಾಗದದ ಫಿಲ್ಟರ್ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಆ ಒದ್ದೆ ಸ್ಪಂಜನ್ನೇ ಇಟ್ಟುಕೊಂಡು ದಿನವೂ ತಾಯಿ ಮಲಗುವ ಕೋಣೆಯನ್ನು ಗುಡಿಸುತ್ತಿದ್ದರು. ಯಂತ್ರದ ಹಿಂಭಾಗದಿಂದ ಹೊರಬರುವ ಗಾಳಿ ಸೂಕ್ಷ್ಮ ಧೂಳನ್ನೂ ಬೂಷ್ಟಿನ ಕಣಗಳನ್ನೂ ಅದೇ ಕೋಣೆಗೆ ಮರಳಿಸುತ್ತಿತ್ತು.

ಯಂತ್ರದಲ್ಲಿ ದೋಷವಿರಲಿಲ್ಲ, ಮಗನ ಪ್ರೀತಿಯಲ್ಲಂತೂ ಇರಲೇ ಇಲ್ಲ. ಆ ಮನೆಗೆ ಬೇಕಾದುದು ಯಾವುದು, ತಂದದ್ದನ್ನು ಬಳಸುವುದು ಹೇಗೆ ಎಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ. ಆ ತಿಳಿವಳಿಕೆಯನ್ನು ಓದುಗರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಶಾಸ್ತ್ರ ಹೇಳುವ ಎರಡು ಕಾರಣಗಳು

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯ ಬಿಕ್ಕಳಿಕೆ ಮತ್ತು ಶ್ವಾಸರೋಗಗಳನ್ನು ಕುರಿತದ್ದು. ಶ್ವಾಸರೋಗಕ್ಕೆ ಕಾರಣಗಳನ್ನು ಎಣಿಸುವಾಗ ಆಚಾರ್ಯರು ಧೂಳು, ಹೊಗೆ ಮತ್ತು ಗಾಳಿಯನ್ನು ಹೇಳಿ, ಅವುಗಳ ಜೊತೆಯಲ್ಲಿಯೇ ತಂಪಾದ ಸ್ಥಳದ ವಾಸ ಹಾಗೂ ತಣ್ಣೀರಿನ ಸೇವನೆಯನ್ನು ಹೇಳಿದ್ದಾರೆ. ಇಂದು ನಾವು ಅಸ್ತಮಾ ಎಂದು ಕರೆಯುವ ಕಾಯಿಲೆಯನ್ನು ಬಹುಮಟ್ಟಿಗೆ ಹೋಲುವ ತಮಕ ಶ್ವಾಸವು ಮೋಡ ಕವಿದಾಗ, ಮಳೆಯಲ್ಲಿ, ಶೀತದಲ್ಲಿ ಉಲ್ಬಣಿಸುತ್ತದೆ ಎಂಬುದೂ ಅಲ್ಲಿದೆ. ಒಂದು ಕಡೆ ಒಣ ಧೂಳು, ಇನ್ನೊಂದು ಕಡೆ ತಂಪು ಮತ್ತು ತೇವ: ಎರಡೂ ಉಸಿರಿಗೆ ಶತ್ರುಗಳೇ.

ರೋಗಕ್ಕೆ ಕಾರಣವಾದುದನ್ನು ದೂರಮಾಡುವುದೇ ಚಿಕಿತ್ಸೆಯ ಸಾರವೆಂದು ಸುಶ್ರುತರು ಹೇಳುತ್ತಾರೆ. ಇದಕ್ಕೆ ನಿದಾನ ಪರಿವರ್ಜನ ಎಂದು ಹೆಸರು. ನೆಲ ಶುಚಿಗೊಳಿಸುವ ಯಂತ್ರವನ್ನು ಈ ದೃಷ್ಟಿಯಿಂದಲೇ ನೋಡಬೇಕು. ಧೂಳನ್ನು ತೆಗೆದು ತೇವವನ್ನು ಉಳಿಸಿದರೆ ಒಂದು ಕಾರಣ ಹೋಗಿ ಇನ್ನೊಂದು ಬಂದಂತಾಯಿತು. ಆ ತಾಯಿಯ ಮನೆಯಲ್ಲಿ ನಡೆದದ್ದು ಅದೇ.

ಉಬ್ಬಸದಿಂದಲೇ ಹುಟ್ಟಿದ ಯಂತ್ರ

ಈ ಯಂತ್ರದ ಚರಿತ್ರೆಯಲ್ಲಿಯೂ ಉಬ್ಬಸದ ಪಾತ್ರವಿದೆ. ಇಂಗ್ಲೆಂಡಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಅವರು 1901ರಲ್ಲಿ ಧೂಳನ್ನು ಹೀರಿಕೊಳ್ಳುವ ಯಂತ್ರವನ್ನು ರೂಪಿಸಿದರು. ಅದು ಕುದುರೆಗಾಡಿಯ ಮೇಲೆ ಹೊತ್ತೊಯ್ಯಬೇಕಾದಷ್ಟು ದೊಡ್ಡದು. ಗಾಡಿ ಬೀದಿಯಲ್ಲಿ ನಿಂತರೆ ಉದ್ದನೆಯ ಕೊಳವೆಗಳು ಕಿಟಕಿಯ ಮೂಲಕ ಮನೆಯೊಳಗೆ ಹೋಗುತ್ತಿದ್ದವು. ಕೈಯಲ್ಲಿ ಹಿಡಿದು ನಡೆಸಬಲ್ಲ ವಿದ್ಯುತ್ ಯಂತ್ರವನ್ನು ಬಳಕೆಗೆ ತಂದವರು ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್. ಅವರು ಅಂಗಡಿಯೊಂದರಲ್ಲಿ ಕಸ ಗುಡಿಸುವ ಕಾಯಕದವರು ಮತ್ತು ಉಬ್ಬಸದ ರೋಗಿ. ರತ್ನಗಂಬಳಿ ಗುಡಿಸುವಾಗ ಏಳುವ ಧೂಳೇ ತಮ್ಮ ಕೆಮ್ಮಿಗೆ ಕಾರಣವೆಂದು ಕಂಡುಕೊಂಡು, ಫ್ಯಾನಿನ ಮೋಟಾರು, ಪೆಟ್ಟಿಗೆ, ಪೊರಕೆಯ ಹಿಡಿ ಮತ್ತು ದಿಂಬಿನ ಚೀಲವನ್ನು ಜೋಡಿಸಿ ತಮಗಾಗಿ ಒಂದು ಯಂತ್ರ ಮಾಡಿಕೊಂಡರು. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮುಂದೆ ಹೂವರ್ ಕುಟುಂಬ ಅದನ್ನು ಕೊಂಡು ಮಾರುಕಟ್ಟೆಗೆ ತಂದಿತು.

ಆ ಯಂತ್ರದಲ್ಲಿ ದಿಂಬಿನ ಚೀಲದ ಕೆಲಸವನ್ನು ಗಮನಿಸಬೇಕು. ಹೀರುವ ಕೆಲಸ ಮೋಟಾರಿನದು. ಹೀರಿದ ಧೂಳನ್ನು ಮತ್ತೆ ಗಾಳಿಗೆ ಬಿಡದೆ ತಡೆಯುವ ಕೆಲಸ ಚೀಲದ್ದು. ರೋಗಿಗೆ ಮುಖ್ಯವಾದುದು ಎರಡನೆಯದು. ನೂರು ವರ್ಷಗಳ ಅನಂತರವೂ ಈ ಮಾತು ಬದಲಾಗಿಲ್ಲ.

ಒಣ ಯಂತ್ರದ ಗುಣ

ಪೊರಕೆಯಿಂದ ಬಿರುಸಾಗಿ ಗುಡಿಸಿದಾಗ ದಪ್ಪ ಕಸ ಮೂಲೆಗೆ ಸೇರುತ್ತದೆ, ಸೂಕ್ಷ್ಮ ಧೂಳು ಮೇಲೆದ್ದು ಗಾಳಿಯಲ್ಲಿ ತೇಲುತ್ತದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 10 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗು ಬಹುಪಾಲು ತಡೆಯುತ್ತದೆ. 2.5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಕಣ್ಣಿಗೆ ಕಾಣದ ಈ ಧೂಳಿನದೇ ಹೆಚ್ಚಿನ ಬಾಧೆ.

ಒಣ ಧೂಳಿಗಾಗಿಯೇ ಮಾಡಿದ ಒಳ್ಳೆಯ ಯಂತ್ರಗಳಲ್ಲಿ ಹೆಪಾ ಎಂಬ ದರ್ಜೆಯ ಫಿಲ್ಟರ್ ಇರುತ್ತದೆ. ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡ 99.97ರಷ್ಟನ್ನು ಹಿಡಿಯಬೇಕು. ಯುರೋಪಿನ ಕ್ರಮದಲ್ಲಿ ಎಚ್13, ಎಚ್14 ಎಂದು ದರ್ಜೆ ನಮೂದಿಸುತ್ತಾರೆ. ‘ಹೆಪಾ ಮಾದರಿ’ ಎಂದಷ್ಟೇ ಬರೆದು ದರ್ಜೆ ಹೇಳದಿದ್ದರೆ ಅದನ್ನು ನಂಬಬೇಕಾಗಿಲ್ಲ. ಫಿಲ್ಟರಿನ ಸುತ್ತ ಸಂದುಗಳಿದ್ದರೆ ಧೂಳು ಅಲ್ಲಿಂದ ನುಸುಳುವುದರಿಂದ ಅದು ತನ್ನ ಜಾಗದಲ್ಲಿ ಬಿಗಿಯಾಗಿ ಕೂರಬೇಕು.

ಧೂಳನ್ನು ಡಬ್ಬಿಯಲ್ಲಿ ತುಂಬುವ ಮಾದರಿ, ಚೀಲದಲ್ಲಿ ತುಂಬುವ ಮಾದರಿ ಎಂದು ಎರಡುಂಟು. ಡಬ್ಬಿಯದರಲ್ಲಿ ಚೀಲ ಕೊಳ್ಳುವ ಖರ್ಚಿಲ್ಲ. ಆದರೆ ಖಾಲಿ ಮಾಡುವಾಗ ಧೂಳು ಮುಖಕ್ಕೇ ಬರುತ್ತದೆ. ಚೀಲದ ಮಾದರಿಯಲ್ಲಿ ಬಾಯಿ ಮುಚ್ಚಿ ಚೀಲವನ್ನೇ ಎಸೆಯಬಹುದು. ಉಬ್ಬಸದವರು ಇರುವ ಮನೆಗೆ ಚೀಲದ ಮಾದರಿಯೇ ಲೇಸು.

ಗಾದಿ, ಸೋಫಾ, ಜಮಖಾನ, ಪರದೆಗಳಲ್ಲಿ ಮನೆಮಾಡುವ ಧೂಳುಹುಳಗಳ ವಿಷಯವನ್ನೂ ಹೇಳಬೇಕು. ಇವು ಸುಮಾರು 0.3 ಮಿಲಿಮೀಟರ್ ಗಾತ್ರದ, ಕಣ್ಣಿಗೆ ಕಾಣದಂಥ ಜೀವಿಗಳು. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಇವುಗಳ ಆಹಾರ. ಇವುಗಳ ಮಲಕಣಗಳು ಅನೇಕರಿಗೆ ಅಲರ್ಜಿ ಉಂಟುಮಾಡುತ್ತವೆ. ಒಣ ಯಂತ್ರ ಗಾದಿಯ ಮೇಲ್ಪದರದ ಕಣಗಳನ್ನು ತೆಗೆಯಬಲ್ಲದೇ ಹೊರತು, ಎಳೆಗಳನ್ನು ಕಚ್ಚಿಕೊಂಡ ಜೀವಂತ ಹುಳಗಳನ್ನು ಪೂರ್ತಿಯಾಗಿ ತೆಗೆಯಲಾರದು. ಅದಕ್ಕೆ ಹೊದಿಕೆ, ಕೌದಿ, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆಯುವುದು, ಗಾದಿಯನ್ನು ಬಿಸಿಲಿಗೆ ಹಾಕುವುದು ಇವೇ ಮಾರ್ಗ. ಈ ಹುಳಗಳಿಗೆ ತೇವವೆಂದರೆ ಪ್ರೀತಿ. ಗಾದಿಯನ್ನು ಒದ್ದೆ ಮಾಡಿ ಪೂರ್ತಿ ಒಣಗಿಸದೆ ಬಿಡುವುದು ಅವುಗಳನ್ನು ಸಾಕಿದಂತೆ.

ನೀರನ್ನೂ ಎಳೆಯುವ ಯಂತ್ರ

ವೆಟ್ ಅಂಡ್ ಡ್ರೈ ಯಂತ್ರದ ರಚನೆ ಬೇರೆ. ಎಳೆದ ನೀರು ಕೆಳಗಿನ ತೊಟ್ಟಿಗೆ ಬೀಳುತ್ತದೆ. ನೀರು ತುಂಬಿದಾಗ ಒಳಗಿನ ತೇಲುಬುರುಡೆ ಮೇಲೇರಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಆಗ ನೀರು ಮೋಟಾರನ್ನು ತಲುಪದು. ಇಂಥ ಯಂತ್ರಗಳಲ್ಲಿ ಮೋಟಾರನ್ನು ತಂಪುಮಾಡುವ ಗಾಳಿಗೆ ಪ್ರತ್ಯೇಕ ದಾರಿಯಿರುತ್ತದೆ. ಒಣ ಯಂತ್ರದಲ್ಲಿ ಸಾಮಾನ್ಯವಾಗಿ ಹೀರಿದ ಗಾಳಿಯೇ ಮೋಟಾರಿನ ಮೂಲಕ ಹಾಯ್ದು ಅದನ್ನು ತಂಪುಮಾಡುತ್ತದೆ. ಆದಕಾರಣ ಒಣ ಯಂತ್ರದಿಂದ ಒಂದು ಲೋಟ ನೀರನ್ನೂ ಎಳೆಯಬಾರದು. ಯಂತ್ರ ಸುಡುವುದಷ್ಟೇ ಅಲ್ಲ, ಹಿಡಿದವರಿಗೆ ವಿದ್ಯುತ್ ಆಘಾತವಾಗುವ ಅಪಾಯವಿದೆ.

ಮಳೆಗಾಲದಲ್ಲಿ ನೀರು ನುಗ್ಗುವ ಮನೆ, ತೊಳೆದ ಪಡಸಾಲೆ, ಅಡುಗೆಮನೆಯಲ್ಲಿ ಚೆಲ್ಲಿದ ಸಾರು, ನೂರಾರು ಜನ ಊಟ ಮಾಡಿ ಏಳುವ ಸಭಾಂಗಣ: ಇಲ್ಲಿ ಈ ಯಂತ್ರ ನಿಜಕ್ಕೂ ಉಪಕಾರಿ. ನೆಲ ಬೇಗ ಒಣಗುವುದರಿಂದ ಜಾರಿ ಬೀಳುವ ಭಯ ಕಡಿಮೆಯಾಗುತ್ತದೆ. ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಹಿರಿಯರನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಆದರೆ ಇದರ ಮಿತಿಗಳೂ ತಿಳಿದಿರಲಿ. ಇದು ನೀರನ್ನು ಎಳೆಯುತ್ತದೆಯೇ ಹೊರತು ನೆಲವನ್ನು ತಿಕ್ಕಿ ಒರೆಸುವುದಿಲ್ಲ. ನೀರಿಗೆ ಹಾಕುವ ಸ್ಪಂಜಿನ ಫಿಲ್ಟರಿಗೆ ಸೂಕ್ಷ್ಮ ಧೂಳನ್ನು ತಡೆಯುವ ಶಕ್ತಿಯಿಲ್ಲ. ಒಣ ಕಸ ತೆಗೆಯುವಾಗ ಸ್ಪಂಜನ್ನು ತೆಗೆದು, ತೊಟ್ಟಿಯನ್ನು ಒಣಗಿಸಿ, ಚೀಲವನ್ನೂ ಧೂಳಿನ ಫಿಲ್ಟರನ್ನೂ ಕೂರಿಸಬೇಕು. ನೀರು ಎಳೆಯುವಾಗ ಅವನ್ನು ತೆಗೆದು ಸ್ಪಂಜು ಹಾಕಬೇಕು. ಒಂದೇ ಯಂತ್ರ ಎರಡು ಕೆಲಸ ಮಾಡುತ್ತದೆ ಎಂಬ ಮಾತು ನಿಜ. ಈ ಬದಲಾವಣೆಯನ್ನು ಪ್ರತಿಸಲವೂ ಮಾಡಿದರೆ ಮಾತ್ರ ನಿಜ.

ಈಚೆಗೆ ಮೂರನೆಯದೊಂದು ಬಗೆಯೂ ಬಂದಿದೆ. ತಿರುಗುವ ಉರುಳೆಯಿಂದ ನೆಲವನ್ನು ಒರೆಸುತ್ತ, ಶುದ್ಧ ನೀರಿಗೊಂದು, ಹೊಲಸು ನೀರಿಗೊಂದು ತೊಟ್ಟಿಯನ್ನು ಹೊಂದಿರುವ ಬ್ಯಾಟರಿ ಯಂತ್ರವದು. ಟೈಲ್ಸ್, ಗ್ರಾನೈಟಿನಂಥ ನುಣುಪಾದ ನೆಲಕ್ಕೆ ಇದು ಹೊಂದುತ್ತದೆ. ಸಂದುಗಳುಳ್ಳ ಶಹಾಬಾದ್ ಕಲ್ಲಿನ ಒರಟು ನೆಲಕ್ಕೆ ಅಷ್ಟಾಗಿ ಹೊಂದದು. ಗಾದಿ, ಜಮಖಾನಗಳಿಗಂತೂ ಇದು ಸಲ್ಲದು. ಇದರ ಉರುಳೆಯನ್ನೂ ದಿನವೂ ತೊಳೆದು ಒಣಗಿಸದಿದ್ದರೆ ವಾಸನೆ ಹಿಡಿಯುತ್ತದೆ.

ಯಾವ ಮನೆಗೆ ಯಾವುದು?

ಮಣ್ಣಿನ ನೆಲ, ಸಗಣಿಯಿಂದ ಸಾರಿಸುವ ನೆಲವಿರುವ ಮನೆಗೆ ಇವು ಯಾವುವೂ ಬೇಡ. ನೀರು ಚಿಮುಕಿಸಿ ಮೆಲ್ಲನೆ ಗುಡಿಸುವ ಹಿರಿಯರ ಕ್ರಮವೇ ಸರಿ; ಚಿಮುಕಿಸಿದ ನೀರು ಧೂಳನ್ನು ಏಳಗೊಡದು.

ಟೈಲ್ಸ್ ನೆಲದ ಸಣ್ಣ ಮನೆ, ಜಮಖಾನಗಳಿಲ್ಲ, ಉಬ್ಬಸದವರೂ ಇಲ್ಲ ಎಂದಾದರೆ ಮೆತ್ತನೆಯ ಪೊರಕೆ ಮತ್ತು ಹಿಂಡಿದ ಒದ್ದೆ ಬಟ್ಟೆ ಸಾಕು. ನೆರೆಮನೆಯವರು ತಂದರೆಂದು ಸಾಲ ಮಾಡಿ ಯಂತ್ರ ತರುವ ಅಗತ್ಯವಿಲ್ಲ.

ಉಬ್ಬಸ, ಅಲರ್ಜಿಯ ಸೀನು, ಚರ್ಮದ ಅಲರ್ಜಿ ಇರುವವರ ಮನೆಯಲ್ಲಿ ಸೋಫಾ, ಗಾದಿ, ರತ್ನಗಂಬಳಿಗಳಿದ್ದರೆ ಹೆಪಾ ಫಿಲ್ಟರ್ ಮತ್ತು ಚೀಲವುಳ್ಳ ಒಣ ಯಂತ್ರವನ್ನೇ ಆರಿಸಬೇಕು. ನೆಲವನ್ನು ಅನಂತರ ಬಟ್ಟೆಯಿಂದ ಒರೆಸಿಕೊಳ್ಳಬಹುದು.

ಎರೆಮಣ್ಣಿನ ಸೀಮೆಯಲ್ಲಿ ರಾಶಿಯ ಕಾಲ ಬಂದರೆ ಕಿಟಕಿ ಮುಚ್ಚಿದರೂ ಧೂಳು ನಿಲ್ಲದು. ಇಲ್ಲಿಯೂ ಒಣ ಯಂತ್ರಕ್ಕೇ ಮೊದಲ ಸ್ಥಾನ. ಮಲೆನಾಡು, ಕರಾವಳಿಗಳಲ್ಲಿ, ನಗರದ ತಗ್ಗು ಬಡಾವಣೆಗಳಲ್ಲಿ ನೀರಿನದೇ ಚಿಂತೆಯಾದರೆ ವೆಟ್ ಅಂಡ್ ಡ್ರೈ ಯಂತ್ರ ಕೊಳ್ಳಬಹುದು. ಅಂಥ ಮನೆಯಲ್ಲಿ ಉಬ್ಬಸದವರೂ ಇದ್ದರೆ, ಹೆಪಾ ಫಿಲ್ಟರ್ ಮತ್ತು ಚೀಲ ಹಾಕಲು ಅವಕಾಶವಿರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಬೇಕು.

ಅಂಗಡಿಯಲ್ಲಿ ಕೇಳಬೇಕಾದುದು

ಹೆಚ್ಚು ವ್ಯಾಟ್ ಇದ್ದರೆ ಹೆಚ್ಚು ಎಳೆತವೆಂದು ಅಂಗಡಿಯವರು ಹೇಳುವುದುಂಟು. ವ್ಯಾಟ್ ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಅಳತೆ, ಎಳೆತದ ಅಳತೆಯಲ್ಲ. ಯುರೋಪಿನ ಒಕ್ಕೂಟ 2017ರ ಸೆಪ್ಟೆಂಬರಿನಿಂದ ಮನೆಬಳಕೆಯ ಇಂಥ ಯಂತ್ರಗಳಿಗೆ 900 ವ್ಯಾಟ್ ಮತ್ತು 80 ಡೆಸಿಬೆಲ್ ಸದ್ದಿನ ಮಿತಿ ಹಾಕಿತು. ಅಲ್ಲಿಯ ಮನೆಗಳು ಅದರಿಂದ ಹೊಲಸಾಗಲಿಲ್ಲ. ಎಳೆತವನ್ನು ಕಿಲೋಪಾಸ್ಕಲ್ ಅಥವಾ ನೀರಿನ ಮಿಲಿಮೀಟರ್ ಲೆಕ್ಕದಲ್ಲಿ ನಮೂದಿಸುತ್ತಾರೆ; 1 ಕಿಲೋಪಾಸ್ಕಲ್ ಎಂದರೆ ಸುಮಾರು 102 ಮಿಲಿಮೀಟರ್. ಎರಡು ಯಂತ್ರಗಳನ್ನು ಈ ಅಳತೆಯಿಂದ ಹೋಲಿಸಿ ನೋಡಿರಿ.

ಫಿಲ್ಟರ್ ಮತ್ತು ಚೀಲಗಳು ನಮ್ಮ ಊರಿನಲ್ಲಿ ದೊರೆಯುತ್ತವೆಯೇ, ಅವುಗಳ ಬೆಲೆಯೆಷ್ಟು ಎಂದು ಮೊದಲೇ ಕೇಳಿರಿ. ಯಂತ್ರವನ್ನು ಬಳಸುವವರ ಕೈಯಿಂದಲೇ ಅಂಗಡಿಯಲ್ಲಿ ಎತ್ತಿಸಿ ನೋಡಿರಿ. ತುಂಬಿದ ತೊಟ್ಟಿಯ ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. 15 ಲೀಟರ್ ನೀರಿಗೇ 15 ಕಿಲೋ ಭಾರ. ಬೆನ್ನುನೋವಿನ ತಾಯಂದಿರು ಅದನ್ನು ಎತ್ತಿ ಬಗ್ಗಿಸುವುದು ಆಗದ ಮಾತು. ನೀರು ಎಳೆಯುವ ಯಂತ್ರವನ್ನು ಅರ್ಥಿಂಗ್ ಸರಿಯಿರುವ ಪ್ಲಗ್ಗಿಗೇ ಹಾಕಬೇಕು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಮನೆಯಲ್ಲಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ತಿಳಿದುಕೊಳ್ಳಿರಿ.

ಬಳಕೆಯಲ್ಲಿ ಪಾಲಿಸಬೇಕಾದ ನಿಯಮಗಳು

ನೀರು ಎಳೆದ ದಿನವೇ ತೊಟ್ಟಿಯನ್ನು ಬರಿದುಮಾಡಿ, ತೊಳೆದು, ಮುಚ್ಚಳ ತೆರೆದಿಟ್ಟು ಒಣಗಿಸಬೇಕು. ಸ್ಪಂಜನ್ನು ತೊಳೆದು ಹಿಂಡಿ ಗಾಳಿಗೆ ಹಾಕಬೇಕು. ಪೂರ್ತಿ ಒಣಗುವವರೆಗೆ ಯಂತ್ರವನ್ನು ಮುಚ್ಚಿಡಬಾರದು. ಕಾಗದದ ಫಿಲ್ಟರನ್ನು, ತೊಳೆಯಬಹುದೆಂದು ಬರೆದಿಲ್ಲದಿದ್ದರೆ, ತೊಳೆಯಬಾರದು.

ಗುಡಿಸುವಾಗ ಉಬ್ಬಸದವರು ಆ ಕೋಣೆಯಲ್ಲಿರಬಾರದು. ಕಿಟಕಿ ತೆರೆದು, ಕೆಲಸ ಮುಗಿದ ಮೇಲೆ ಅರ್ಧ ಗಂಟೆಯಾದರೂ ಬಿಟ್ಟು ಒಳಗೆ ಬರಬೇಕು. ಡಬ್ಬಿ, ಚೀಲಗಳನ್ನು ಹೊರಗೆ, ಮೂಗಿಗೆ ಮಾಸ್ಕ್ ಧರಿಸಿ, ಆರೋಗ್ಯವಂತರು ಖಾಲಿ ಮಾಡಬೇಕು.

ಪೂಜಾಕೋಣೆಯಲ್ಲಿ ಉದುರಿದ ವಿಭೂತಿ ಬಹಳ ನುಣುಪಾದ ಪುಡಿ; ಅದು ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಲೇಸು. ಊದುಬತ್ತಿಯ ಬಿಸಿ ಬೂದಿ, ಕರ್ಪೂರ, ಸೀಮೆಎಣ್ಣೆ, ಪೆಟ್ರೋಲುಗಳನ್ನು ಯಾವ ಯಂತ್ರದಿಂದಲೂ ಎಳೆಯಬಾರದು, ಬೆಂಕಿಯ ಅಪಾಯವಿದೆ. ಆಸಿಡ್ ಮತ್ತು ಬ್ಲೀಚಿಂಗ್ ಬೆರೆತರೆ ವಿಷಾನಿಲ ಏಳುತ್ತದೆ. ಅವುಗಳನ್ನು ತೊಟ್ಟಿಯಲ್ಲಿಯಾಗಲಿ ನೆಲದ ಮೇಲಾಗಲಿ ಕೂಡಿಸಬಾರದು.

ಇನ್ನೊಂದು ಮಾತು. ನಾನು ಆಯುರ್ವೇದದ ವೈದ್ಯ. ಆದರೂ, ಮನೆ ಶುಚಿಯಾಯಿತೆಂದು ಯಾರೂ ಇನ್‌ಹೇಲರನ್ನು ತಾವಾಗಿ ನಿಲ್ಲಿಸಬಾರದೆಂದೇ ಹೇಳುತ್ತೇನೆ. ಕಾರಣವನ್ನು ದೂರಮಾಡುವುದು ಚಿಕಿತ್ಸೆಗೆ ಬಲ ಕೊಡುತ್ತದೆ. ಚಿಕಿತ್ಸೆಯ ಸ್ಥಾನದಲ್ಲಿ ನಿಲ್ಲುವುದಿಲ್ಲ. ಮಾತು ಪೂರ್ತಿ ಆಡಲಾರದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ, ಕಷಾಯ ಕಾಯಿಸುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ತೊಳೆಯುವವರು ಯಾರು?

ಆ ತಾಯಿಯ ಮನೆಯ ಯಂತ್ರವನ್ನು ಎಸೆಯಲು ನಾನು ಹೇಳಲಿಲ್ಲ. ಸ್ಪಂಜನ್ನು ಬದಲಿಸಿ, ತೊಟ್ಟಿಯನ್ನು ತೊಳೆದು ಎರಡು ದಿನ ಬಿಸಿಲಿಗಿಟ್ಟರು. ಪೆಟ್ಟಿಗೆಯಲ್ಲಿದ್ದ ಚೀಲ ಮತ್ತು ಫಿಲ್ಟರ್ ಹೊರಗೆ ಬಂದವು. ನೀರಿನ ಕೆಲಸಕ್ಕೆ ವಾರದಲ್ಲಿ ಒಂದೇ ದಿನವೆಂದು ಗೊತ್ತುಮಾಡಿದರು. ತಾಯಿಯ ಕೋಣೆಯ ಜಮಖಾನವನ್ನು ತೆಗೆದರು. ಔಷಧ ಮೊದಲಿನಂತೆಯೇ ನಡೆಯಿತು. ಒಂದೂವರೆ ತಿಂಗಳ ಅನಂತರ ಅವರು ಬಂದಾಗ ರಾತ್ರಿ ನಿದ್ರೆ ಮರಳಿತ್ತು.

“ಮಷೀನ್ ತೊಳಿಯೋದು ಯಾರು?” ಎಂದು ಕೇಳಿದೆ. ಮಗ ನಕ್ಕು, “ನಾನ ರೀ ಸರ್. ಶನಿವಾರ ನನ್ನ ಪಾಳಿ” ಎಂದರು. ತಾಯಿಯ ಮುಖದಲ್ಲಿಯೂ ನಗೆಯಿತ್ತು.

ಯಂತ್ರ ಕೊಳ್ಳಹೊರಟ ಎಲ್ಲರೂ ಬೆಲೆ, ವ್ಯಾಟ್, ಬಣ್ಣಗಳನ್ನು ಕೇಳುವ ಮೊದಲು ಮನೆಯಲ್ಲಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ನಮ್ಮ ಮನೆಯ ತೊಂದರೆ ಧೂಳೋ, ನೀರೋ? ಮನೆಯಲ್ಲಿ ಉಸಿರಿನ ಕಾಯಿಲೆಯವರು ಇದ್ದಾರೆಯೇ? ಯಂತ್ರವನ್ನು ತೊಳೆದು ಒಣಗಿಸುವ ಕಾಯಕವನ್ನು ಹೊರುವವರು ಯಾರು? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಪೊರಕೆ ಮತ್ತು ಒದ್ದೆ ಬಟ್ಟೆಯನ್ನೇ ಮುಂದುವರಿಸುವುದು ಆರೋಗ್ಯಕ್ಕೂ ಹಣಕ್ಕೂ ಕ್ಷೇಮ. ಉತ್ತರವಿದ್ದರೆ, ಮೊದಲೆರಡು ಪ್ರಶ್ನೆಗಳೇ ನಿಮ್ಮ ಮನೆಗೆ ತಕ್ಕ ಯಂತ್ರವನ್ನು ತೋರಿಸಿಕೊಡುತ್ತವೆ.